ಸೂಗಮ್ಮನ ಅಗಸಿ ಲೋಳಿ

ಸೈದಾಪುರದ ಸೂಗಮ್ಮನ ಮೊಮ್ಮಗ ಮಲ್ಲುವಿಗೆ ಕೈ ಇರುವುದೇ ಬಾಯಿಗೆ ಒಯ್ಯಲಿಕ್ಕೆ. ಒಂದೂವರೆ ವರ್ಷದ ಕೂಸು. ಅಪ್ಪನ ಚಪ್ಪಲಿ, ಬಟ್ಟೆ ಒಗೆಯುವ ಸಾಬೂನು, ಅಂಗಳದಲ್ಲಿ ಬಿದ್ದ ಆಡಿನ ಹಿಕ್ಕೆ, ಯಾವುದನ್ನೂ ಅವನು ರುಚಿ ನೋಡದೆ ಬಿಟ್ಟವನಲ್ಲ. ಇಂಥ ಮನೆಯಲ್ಲಿ ಅವನ ಅಕ್ಕ, ಎರಡನೇ ತರಗತಿಯ ಸವಿತಾ, ಸ್ಲೈಮ್ ಬೇಕೇ ಬೇಕೆಂದು ಹಟ ಹಿಡಿದು ಕೂತಿದ್ದಳು.

ಸ್ಲೈಮ್ ಎಂದರೆ ಏನೆಂದು ಸೂಗಮ್ಮನಿಗೆ ಮೊದಲು ತಿಳಿಯಲಿಲ್ಲ. ಹುಡುಗಿ ಮೊಬೈಲಿನಲ್ಲಿ ತೋರಿಸಿದಳು. ಹಿಡಿದರೆ ಜಾರುವ, ಎಳೆದರೆ ಉದ್ದಕ್ಕೆ ಬರುವ ಬಣ್ಣದ ಮುದ್ದೆ.

"ಇದು ಲೋಳಿ ಅಲ್ಲೇನ? ನಿನ್ನ ತಮ್ಮಗ ನೆಗಡಿ ಬಂದಾಗ ಬೇಕಾದಷ್ಟು ಸಿಗ್ತದ, ತಡಿ" ಎಂದು ಸೂಗಮ್ಮ ನಕ್ಕಳು.

ಸವಿತಾ ನಗಲಿಲ್ಲ. ಓಣಿಯ ಹುಡುಗಿಯರೆಲ್ಲ ಬಜಾರದಿಂದ ಸ್ಲೈಮ್ ಡಬ್ಬಿ ತಂದುಕೊಂಡಿದ್ದರು. ಆದರೆ ತಾಯಿ ಗುರುದೇವಿ ಅದನ್ನು ಮನೆಯೊಳಗೆ ತರಬಾರದೆಂದು ಖಡಕ್ಕಾಗಿ ಹೇಳಿಬಿಟ್ಟಿದ್ದಳು. ಮಲ್ಲು ತಿಂದುಬಿಡುತ್ತಾನೆ ಎಂಬುದು ಅವಳ ಭಯ. ಗುರುದೇವಿ ಕಡೇಚೂರಿನ ಒಂದು ಫ್ಯಾಕ್ಟರಿಗೆ ಹೋಗುವವಳು. ದಿನಾ ಬೆಳಿಗ್ಗೆ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಹಿಂದಿರುಗಿ ನೋಡದೆ ಬಸ್ಸು ಹತ್ತುತ್ತಿದ್ದಳು. ಸೊಸೆ ಹಾಗೆ ಹಿಂದಿರುಗಿ ನೋಡದಿರುವುದೇ ಸೂಗಮ್ಮನಿಗೆ ದೊಡ್ಡ ಹೆಮ್ಮೆ.

ಮೊಬೈಲಿನಲ್ಲಿದ್ದ ಹೆಂಗಸು ಹಿಂದಿಯಲ್ಲಿ ಮಾತಾಡುತ್ತಿದ್ದಳು. ಗೋಂದಿಗೆ 'ಸುಹಾಗಾ' ಕಲೆಸಬೇಕಂತೆ. ಹಾಗಂದರೇನು ಎಂದು ಸವಿತಾ ಕೇಳಿದಾಗ ಸೂಗಮ್ಮನ ಮುಖ ಅರಳಿತು. ಬಜಾರದ ಉರ್ದು ಕೇಳುತ್ತ ಬೆಳೆದ ಸುರಪುರದ ಹೆಣ್ಣುಮಗಳು ಅವಳು.

"ಸುಹಾಗಾ ಅಂದ್ರ ಬಿಳಿಗಾರ, ಹುಚ್ಚಿ. ನಮ್ಮ ಮನ್ಯಾಗ ಅದ."

ಇತ್ತು. ಅಕ್ಕಸಾಲಿಗರು ಬಂಗಾರ ಬೆಸೆಯಲು ಬಳಸುವ ಆ ಬಿಳಿ ಪುಡಿ ಅವಳ ಔಷಧದ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿತ್ತು. ಅವಳ ತವರಿನಲ್ಲಿ ಮಕ್ಕಳ ಬಾಯಿ ಹುಣ್ಣಿಗೆ ಬಿಳಿಗಾರವನ್ನು ಜೇನಿನಲ್ಲಿ ತೇಯ್ದು ಹಚ್ಚುತ್ತಿದ್ದರು. ಸೂಗಮ್ಮ ಲೆಕ್ಕ ಹಾಕಿದಳು: ಬಜಾರದ ಡಬ್ಬಿಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು, ಇದಾದರೆ ಮನೆಯ ಔಷಧ, ಮಲ್ಲು ನೆಕ್ಕಿದರೆ ಬಾಯಿ ಹುಣ್ಣಾದರೂ ವಾಸಿಯಾದೀತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಬಿಸಿನೀರಿನ ಬಟ್ಟಲಲ್ಲಿ ಬಿಳಿಗಾರ ಕದಡಿ ನೆಲದ ಮೇಲಿಟ್ಟು, ಗೋಂದಿನ ಶೀಷೆ ಹುಡುಕಲು ಎದ್ದಳು.

ಅಷ್ಟರಲ್ಲಿ ಎದುರು ಮನೆಯ ಸರ್ವರಬೇಗಂ ಒಳಗೆ ಬಂದಳು. ಅಂಗನವಾಡಿಯಲ್ಲಿ ಕಲಿಸುವವಳು, ತಾಯಂದಿರ ಸಭೆಗೆ ಕರೆಯಲು ಬಂದಿದ್ದಳು. ಮಲ್ಲು ಬಟ್ಟಲಿನಲ್ಲಿ ಮುಷ್ಟಿ ಅದ್ದಿ ಚೀಪುತ್ತಿದ್ದ. ಸರ್ವರಬೇಗಂ ಅವನ ಕೈ ಬಾಯಿಂದ ತೆಗೆದು, ಅದರಲ್ಲಿ ಏನಿದೆ ಎಂದು ಕೇಳಿದಳು.

"ಏನಿಲ್ಲ ತಗೊ, ಬಿಳಿಗಾರದ ನೀರು. ಔಷಧ ಅದು" ಎಂದಳು ಸೂಗಮ್ಮ.

ಸರ್ವರಬೇಗಂ ಜಗಳಕ್ಕೆ ನಿಲ್ಲಲಿಲ್ಲ. ಒದ್ದೆ ಬಟ್ಟೆಯಿಂದ ಕೂಸಿನ ಬಾಯಿ ಒರೆಸಿದಳು, ಕೈ ತೊಳೆದಳು. "ಬೆಳ್ಳಗಿರೋದೆಲ್ಲ ಹಾಲಲ್ಲ, ದೊಡ್ಡವ್ವ. ಇದು ಸಣ್ಣ ಮಕ್ಕಳಿಗೆ ವಿಷ. ಹೊಟ್ಟಿಗಿ ಹೆಚ್ಚು ಹೋದ್ರ ವಾಂತಿ, ಭೇದಿ ಆಗ್ತದ, ಜೀವಕ್ಕೂ ಕುತ್ತು. ದವಾಖಾನಿಗಿ ನಡೀರಿ."

ಗಾಬರಿಯಲ್ಲಿ ಸೂಗಮ್ಮ ಉಪ್ಪುನೀರು ಕುಡಿಸಿ ಕೂಸಿಗೆ ವಾಂತಿ ಮಾಡಿಸಲು ಹೊರಟಳು. ಸರ್ವರಬೇಗಂ ಅದನ್ನೂ ತಡೆದಳು. ಹಾಗೆ ಮಾಡಿದರೆ ಕೂಸಿಗೆ ಇನ್ನಷ್ಟು ಅಪಾಯ, ಏನು ಕೊಡಬೇಕು ಬಿಡಬೇಕು ಎಂಬುದನ್ನು ಡಾಕ್ಟರು ಹೇಳುತ್ತಾರೆ ಎಂದಳು. ಡಾಕ್ಟರಿಗೆ ತೋರಿಸಲು ಬಿಳಿಗಾರದ ಪೊಟ್ಟಣವನ್ನೂ ಎತ್ತಿಕೊಂಡಳು.

ದವಾಖಾನೆಯ ದಾರಿಯಲ್ಲಿ ಸೂಗಮ್ಮನ ಬಾಯಿ ಮಾತ್ರ ಇನ್ನೂ ಸೋತಿರಲಿಲ್ಲ. ತನ್ನ ಮಗನಿಗೂ ಇದನ್ನೇ ಹಚ್ಚಿದ್ದು, ಅವನು ಗುಂಡುಕಲ್ಲಿನಂತೆ ಬೆಳೆದಿಲ್ಲವೇ ಎಂದಳು. ಅದೃಷ್ಟ ಚೆನ್ನಾಗಿತ್ತು ಎಂದು ಸರ್ವರಬೇಗಂ ಮೆಲ್ಲಗೆ ಹೇಳಿದಳು. ಡಾಕ್ಟರಮ್ಮ ಕೂಸನ್ನು ಪರೀಕ್ಷಿಸಿದರು, ಪೊಟ್ಟಣ ನೋಡಿದರು, ಒಂದಿಷ್ಟು ಹೊತ್ತು ಕಣ್ಣೆದುರೇ ಕೂರಿಸಿಕೊಂಡರು. ನೆಕ್ಕಿದ್ದು ಸ್ವಲ್ಪವೇ ಇತ್ತು, ತಡವೂ ಆಗಿರಲಿಲ್ಲ, ಕೂಸು ಆಡಿಕೊಂಡೇ ಇತ್ತು. ವಾಂತಿಯೋ ಮಂಪರೋ ಕಂಡರೆ ತಕ್ಷಣ ಕರೆತನ್ನಿ ಎಂದು ಹೇಳಿ ಕಳಿಸಿದರು. ಇನ್ನು ಮೇಲೆ ಜೇನಿನೊಂದಿಗೂ ಬಿಳಿಗಾರವನ್ನು ಮಗುವಿನ ಬಾಯಿಗೆ ಹಚ್ಚಕೂಡದು ಎಂದು ಎರಡು ಸಲ ಹೇಳಿದರು. ಆಗ ಸೂಗಮ್ಮ ಸೋತಳು. ಸೊಸೆ ನಾಳೆ ಯಾವ ಧೈರ್ಯದಿಂದ ಬಸ್ಸು ಹತ್ತುತ್ತಾಳೆ ಎಂಬುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

ಮನೆಗೆ ಬಂದರೆ ಸವಿತಾಳ ಅಳು ಮತ್ತೆ ಶುರು. ಸರ್ವರಬೇಗಂ ಅವಳನ್ನು ಹತ್ತಿರ ಕೂರಿಸಿಕೊಂಡು, ಸ್ಲೈಮ್ ಬೇಡ ಎಂದು ಯಾರು ಹೇಳಿದರು, ತಿನ್ನುವ ಪದಾರ್ಥದಿಂದಲೇ ಮಾಡೋಣ ಎಂದಳು. ಮಣ್ಣು, ನೀರು, ಲೋಳೆ ಮುಟ್ಟಿ ಆಡಿದರೆ ಮಕ್ಕಳ ಬೆರಳಿಗೆ ಬಲ ಬರುತ್ತದೆ, ನಾವೇ ಅಂಗನವಾಡಿಯಲ್ಲಿ ಆಡಿಸುತ್ತೇವೆ ಎಂದೂ ಹೇಳಿದಳು. ಆಮೇಲೆ ಸೂಗಮ್ಮನ ಕಡೆ ತಿರುಗಿದಳು.

"ನಿಮ್ಮ ಅಡಗಿ ಮನ್ಯಾಗ ಲೋಳಿ ಬಿಡೋದು ಏನೇನು ಅದ, ನೆನಸ್ರಿ ದೊಡ್ಡವ್ವ."

ಸೂಗಮ್ಮ ಬೆಂಡೆಕಾಯಿ ಎಂದಳು. ಸವಿತಾ ಮೂಗು ಮುರಿದಳು. ಮುದುಕಿ ತನ್ನ ಹಣೆಯನ್ನೇ ಬಡಿದುಕೊಂಡಳು. "ಅಗಸಿ. ಡಬ್ಬಿ ತುಂಬ ಅಗಸಿ ಅದ." ದಿನಾ ರೊಟ್ಟಿಗೆ ಅಗಸಿ ಹಿಂಡಿ, ಎಂದರೆ ಅಗಸೆ ಬೀಜದ ಚಟ್ನಿಪುಡಿ, ಹಚ್ಚಿಕೊಂಡು ತಿನ್ನುವ ಮನೆ ಅದು. ಹಿತ್ತಲ ಗಿಡ ಮದ್ದಲ್ಲ ಎಂಬುದು ಸುಳ್ಳಲ್ಲ.

ಮುಂದಿನ ಕಾರುಬಾರೆಲ್ಲ ಸೂಗಮ್ಮನದೇ. ಅರ್ಧ ಬಟ್ಟಲು ಅಗಸಿಗೆ ನಾಲ್ಕು ಬಟ್ಟಲು ನೀರು ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತ ಕುದಿಸಿದಳು. ನೀರು ಬೆಂಡೆಕಾಯಿ ಲೋಳೆಯಂತಾದ ಕೂಡಲೇ ಬಿಸಿ ಇರುವಾಗಲೇ ಸೋಸಿದಳು, ಆರಿದರೆ ಸೋಸಲು ಬರುವುದಿಲ್ಲ. ಕಾರ್ನ್‌ಫ್ಲೋರ್ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಸುರಿದು, ಮತ್ತೆ ಒಲೆಯ ಮೇಲಿಟ್ಟು ಗಟ್ಟಿಯಾಗುವವರೆಗೆ ತಿರುವಿದಳು. ಹಸಿ ಹಿಟ್ಟು ಮಕ್ಕಳ ಹೊಟ್ಟೆಗೆ ಆಗದು, ಬೇಯಲೇಬೇಕು ಎಂದು ಸರ್ವರಬೇಗಂ ಹೇಳಿದ್ದಳು. ಸವಿತಾ ಹೋಳಿಯಲ್ಲಿ ಉಳಿದ ಬಣ್ಣ ತಂದಳು. ಸೂಗಮ್ಮ ಅದನ್ನು ಕಿತ್ತು ಅಟ್ಟದ ಮೇಲೆಸೆದು ಬೀಟ್‌ರೂಟ್ ತುರಿದು ಹಿಂಡಿದಳು. ಹುಡುಗಿ ಮಣಿ, ಚಮಕಿ ಕೇಳಿದಳು. ಗಂಟಲಿಗೆ ಸಿಕ್ಕೀತೆಂದು ಅದೂ ಇಲ್ಲ. ಪೂರಾ ಆರಿದ ಮೇಲೆ ತಾಟಿನಲ್ಲಿ ಹಾಕಿ, ತಾನೂ ಪಕ್ಕದಲ್ಲೇ ಕೂತಳು.

ಎಳೆದರೆ ಬಂತು, ಬಿಟ್ಟರೆ ಜಾರಿತು. ಸವಿತಾಳ ಸಂತೋಷಕ್ಕೆ ಮಿತಿಯೇ ಇಲ್ಲ.

ಸಂಜೆ ಗುರುದೇವಿ ಬಂದಾಗ ಮಲ್ಲುವಿನ ಬಾಯಿ, ಗದ್ದ, ಹೊಟ್ಟೆ ಎಲ್ಲ ಕೆಂಪು. ಬೆರಳಲ್ಲಿ ಲೋಳೆ ಜೋತಾಡುತ್ತಿತ್ತು. ಅವಳು ಊಟದ ಡಬ್ಬಿ ಅಲ್ಲೇ ಬಿಟ್ಟು ಕೂಸಿನ ಹತ್ತಿರ ಓಡಿದಳು. ಸೂಗಮ್ಮ ತಾಟಿನಿಂದ ಒಂದು ಚೂರು ಲೋಳೆ ಎತ್ತಿ, ಸೊಸೆ ನೋಡುತ್ತಿದ್ದಂತೆ ತನ್ನ ಬಾಯಿಗೆ ಹಾಕಿಕೊಂಡು ನುಂಗಿದಳು.

"ಮೊದಲ ನಾ ತಿಂದೀನಿ, ಆಮ್ಯಾಲ ಅವನ ಕೈಗಿ ಕೊಟ್ಟೀನಿ" ಎಂದಳು.

ಆಮೇಲೆ ಮಧ್ಯಾಹ್ನದ್ದನ್ನೂ ಹೇಳಿದಳು, ಒಂದು ಮಾತನ್ನೂ ಮುಚ್ಚಿಡದೆ. ಗುರುದೇವಿ ಕೂಸನ್ನು ಎದೆಗವಚಿಕೊಂಡು ಅದರ ಗದ್ದ ಒರೆಸಿದಳು.

"ಮುಚ್ಚಿಟ್ಟಿದ್ರ ನಂಗ ಅಂಜಿಕಿ ಆಗ್ತಿತ್ತು, ಅತ್ತಿ. ನೀವು ಹೇಳಿದ್ರಿ" ಎಂದಳು. ಉಳಿದ ಬಿಳಿಗಾರವನ್ನು ಅಕ್ಕಸಾಲಿಗರ ಅಂಗಡಿಗೆ ಕೊಟ್ಟುಬಿಡಿ ಎಂದೂ ಹೇಳಿದಳು. ಮರುದಿನ ಬೆಳಿಗ್ಗೆ ಮಲ್ಲುವನ್ನು ಅತ್ತೆಯ ಮಡಿಲಿಗೆ ಹಾಕಿದಳು, ಹಿಂದಿರುಗಿ ನೋಡದೆ ಬಸ್ಸು ಹತ್ತಿದಳು.

ಅವ್ವಗಳಿರಾ, ಆಯಿಗಳಿರಾ, ಅಣ್ಣಂದಿರಾ, ನಿಮ್ಮ ಮಕ್ಕಳೂ ಸ್ಲೈಮ್ ಕೇಳುತ್ತಾರೆ. ಬೈಯಬೇಡಿ, ಮಾಡಿಕೊಡಿ. ಅದು ಊಟವಲ್ಲ, ಆಟ. ಬಾಯಿಗೆ ಚೂರು ಹೋದರೂ ಕೆಡುಕಿಲ್ಲದಂತೆ ಮಾಡಬೇಕು, ಅಷ್ಟೇ. ದೊಡ್ಡ ಉಂಡೆಯನ್ನು ಸಣ್ಣವರ ಕೈಗೆ ಕೊಡಬೇಡಿ, ಆಡುವಾಗ ಎದ್ದು ಹೋಗಬೇಡಿ, ಮೈಮೇಲೆ ದದ್ದು ಕಂಡರೆ ನಿಲ್ಲಿಸಿ, ಉಳಿದದ್ದನ್ನು ಅಂದೇ ಚೆಲ್ಲಿ. ಗೋಂದು, ಬಿಳಿಗಾರ, ಸೋಪಿನ ಪುಡಿ ಮಕ್ಕಳ ಕೈಗೆಟುಕದ ಕಡೆ ಇರಲಿ. ಅಂಥದ್ದು ಬಾಯಿಗೆ ಹೋದರೆ ವಾಂತಿ ಮಾಡಿಸಬೇಡಿ, ಪೊಟ್ಟಣದ ಸಮೇತ ದವಾಖಾನೆಗೆ ಓಡಿ. ಇಷ್ಟೆಲ್ಲ ನೆನಪಿರದಿದ್ದರೆ ಸೂಗಮ್ಮನ ಒಂದು ಮಾತು ನೆನಪಿಡಿ: ನೀವು ಬಾಯಿಗೆ ಹಾಕಿಕೊಳ್ಳಲಾರದ್ದನ್ನು ಕೂಸಿನ ಕೈಗೆ ಕೊಡಬೇಡಿ.