ಜಯಮಾಲಾಳ ಕರೆ

ಗಬ್ಬೂರ ಬೈಪಾಸ್ ಪಕ್ಕದ ಕಚೇರಿಯಲ್ಲಿ, ಓಡುತ್ತಿದ್ದ ಸರ್ವರನ್ನು ನಿಲ್ಲಿಸದೆಯೇ ಒಂದು ಮೆಮೊರಿ ಬೋರ್ಡನ್ನು ಹೊರತೆಗೆಯಲೆಂದು ಉಮಾಶ್ರೀ ಅದನ್ನು ಖಾಲಿ ಮಾಡುತ್ತಿದ್ದಳು. ಅದರಲ್ಲಿದ್ದದ್ದೆಲ್ಲ ಪಕ್ಕದ ಬೋರ್ಡುಗಳಿಗೆ ಸರಿದರೂ ಒಂದು ಪುಟ್ಟ ಪ್ರೋಗ್ರಾಮ್ ಮಾತ್ರ ಕದಲಲಿಲ್ಲ. ಅವಳು ಅದರ ಹೆಸರು ನೋಡಿದಳು. ಹೋದ ವರ್ಷ ತೀರಿಕೊಂಡ ಗೆಳತಿ ಜಯಮಾಲಾ ತಮಾಷೆಗೆಂದು, ಇದ್ದ ಜಾಗ ಬಿಟ್ಟು ಕದಲದಂತೆ ಬರೆದದ್ದು ಅದು. ಇಂದಿಗೂ ದಿನಾ ಸಂಜೆ ಪರದೆಯ ಮೇಲೆ ಅವಳ ಮಾತು ಮೂಡುತ್ತಿತ್ತು: “ಏಳಬೇ ಉಮಾ, ಚಾ ಆರಾಕತ್ತೈತಿ.” ಮೂಲ ಫೈಲು ಜಯಮಾಲಾಳ ಖಾತೆಯೊಂದಿಗೇ ಅಳಿಸಿಹೋಗಿತ್ತು. ಬೋರ್ಡು ತೆಗೆಯಲೆಂದು ಪ್ರೋಗ್ರಾಮನ್ನು ಒಮ್ಮೆ ನಿಲ್ಲಿಸಿದರೆ ಆ ಕರೆ ಮತ್ತೆ ಬರುವಂತಿರಲಿಲ್ಲ.

“ಅಕ್ಕಾರ, ಇನ್ನೂ ಖಾಲಿ ಆಗವಲ್ದೇನ್ರಿ? ಒಳಗ ಯಾರರ ಕುಂತಾರೇನು?” ಬೋರ್ಡು ಒಯ್ಯಲು ಬಂದಿದ್ದ ಹನುಮೇಶ ನಕ್ಕ.

“ಇದು ಬರೂದಿಲ್ಲಪಾ. ಬಾಜೂದ್ದು ಖಾಲಿ ಮಾಡಿ ಕೊಡ್ತೇನಿ, ತಡಿ.”

ತಾನಿಲ್ಲಿ ಕೆಲಸಕ್ಕಿರುವವರೆಗೂ ಆ ಬೋರ್ಡನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕೆಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು.