ಐಕ್ಯಕ್ಕೆ ಏಳು ಬಾಗಿಲು

ಯಾರಾದರೂ "ಒಂದು ಒಳ್ಳೆ ಪುಸ್ತಕ ಹೇಳಿ" ಎಂದರೆ ಶಾಖಾ ಗ್ರಂಥಾಲಯದ ಸಹಾಯಕಿ ಹಿಂದೇಟು ಹಾಕುತ್ತಿದ್ದಳು. ಪುಸ್ತಕ ಹುಡುಕಿಕೊಡುವುದು ಬೇರೆ, ಆರಿಸಿಕೊಡುವುದು ಬೇರೆ. ಆರಿಸಿಕೊಟ್ಟದ್ದಕ್ಕೆ ಜವಾಬ್ದಾರಿ ಇರುತ್ತದೆ.

ಸೋಮವಾರ ಬಂದವಳು ಎದುರು ಸಾಲಿನ ಟೈಲರ್. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದರು. ಗುರುವಾರ ಆಪರೇಷನ್.

"ಪಕ್ಕದ ಮಂಚದಲ್ಲಿ ಒಬ್ಬರು ಕ್ರೈಸ್ತ ಸನ್ಯಾಸಿನಿ ಇದಾರೆ ಮೇಡಂ. ಕಣ್ಣು ಮುಚ್ಚಿದ್ರೆ ಮುಗೀತು, ಗಂಟೆಗಟ್ಟಲೆ ಅಲ್ಲಾಡಲ್ಲ. ಒಳಗೆ ಏನು ಮಾಡ್ತಾರೆ ಅಂತ ನಮ್ಮತ್ತೆಗೆ ತಿಳೀಬೇಕಂತೆ. ಅದರದ್ದೊಂದು ಕೊಡಿ. ಈ ಝೆನ್ನು, ಯೋಗ ಅಂತಾರಲ್ಲ, ಆ ಕಡೇದೊಂದು ಕೊಡಿ. ಎರಡೂ ಒಂದೇನಾ ಬೇರೇನಾ ಅಂತ ಅವರೇ ನೋಡ್ಕೋತಾರೆ."

ಸಹಾಯಕಿ ಕಪಾಟಿನಿಂದ ಪುಸ್ತಕ ತೆಗೆದಳು, ಒಳಗಿಟ್ಟಳು, ಮತ್ತೆ ತೆಗೆದಳು. ಕೊನೆಗೆ ಎರಡು ಉಳಿದವು. ಒಂದು 'ಐಕ್ಯಕ್ಕೆ ಏಳು ಬಾಗಿಲು', ಹಿಂದಿನ ಕಾಲದ ಒಬ್ಬ ಕ್ರೈಸ್ತ ಸಂತಳ ಅನುಭವ. ಇನ್ನೊಂದು ಪೂರ್ವದೇಶದ ಗುರುವಿನ ಬೋಧನೆ, 'ಖಾಲಿಯಾಗುವ ಕಲೆ'. ಎರಡರದ್ದೂ ಅಕ್ಷರ ದೊಡ್ಡದು.

"ಮೊದಲನೇದು ನಾನೂ ಅರ್ಧವೇ ಓದಿರೋದು. ಎರಡನೇದರ ಮುನ್ನುಡಿ ಅಷ್ಟೆ," ಎಂದಳು.

"ಅರ್ಧ ಸಾಕು ಬಿಡಿ. ನಾನು ಹೊಲಿದ ಬಟ್ಟೇನ ಜನ ಅಷ್ಟೂ ನೋಡಲ್ಲ."

ಬುಧವಾರ ಟೈಲರ್ ಮತ್ತೆ ಬಂದಳು. ಕಣ್ಣು ಊದಿತ್ತು.

"ಎಂಥಾ ಪುಸ್ತಕ ಕೊಟ್ರಿ ಮೇಡಂ! ಅತ್ತೆ ಆಪರೇಷನ್ನೇ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದಾರೆ. 'ಉಳಿಯಲ್ಲ ಅಂತ ಡಾಕ್ಟರು ನಿನಗೆ ಹೇಳಿದಾರೆ. ನೀನು ಪುಸ್ತಕದ ಕೈಲಿ ನನಗೆ ಹೇಳಿಸ್ತಿದೀಯ' ಅಂತಾರೆ. ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ!"

ಸಹಾಯಕಿಗೆ ಮೊದಲು ಅರ್ಥವಾಗಲಿಲ್ಲ. ಮೇಜಿನ ಮೇಲಿದ್ದ ದಿನಪತ್ರಿಕೆಯತ್ತ ಕಣ್ಣು ಹೋಯಿತು. ಒಳಪುಟದಲ್ಲಿ ಯಾರದೋ ಭಾವಚಿತ್ರ, ಅದರ ಕೆಳಗೆ 'ದೇವರಲ್ಲಿ ಐಕ್ಯರಾದರು'. ಅವಳು ಪತ್ರಿಕೆಯನ್ನು ಮಡಚಿಟ್ಟಳು. ಪುಸ್ತಕದ ಒಳಗಿನ ಅರ್ಥವನ್ನಷ್ಟೇ ನೋಡಿದ್ದಳು. ಮಲಗಿದವರ ಕಣ್ಣಿಗೆ ಮೊದಲು ಬೀಳುವುದು ಪುಸ್ತಕದ ಹೆಸರು.

"ನಾನು ಬಂದು ಹೇಳ್ತೀನಿ," ಎಂದಳು.

ಆಸ್ಪತ್ರೆಯಲ್ಲಿ ಮಲಗಿದ್ದ ಅತ್ತೆ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ದನಿ ನಿವೃತ್ತವಾಗಿರಲಿಲ್ಲ.

"ಬಾಮ್ಮಾ, ನೀನೇನಾ ಪುಸ್ತಕದೋಳು? ಒಂದು ಐಕ್ಯ ಆಗು ಅನ್ನುತ್ತೆ, ಇನ್ನೊಂದು ಜಾಗ ಖಾಲಿ ಮಾಡು ಅನ್ನುತ್ತೆ. ಊರಿಗೆಲ್ಲ ಟಿಕೆಟ್ ಕೊಟ್ಟೋಳು ನಾನು. ನನಗೇ ಟಿಕೆಟ್ ಕೊಡ್ತೀರಾ?"

ಸನ್ಯಾಸಿನಿಯನ್ನು ಎಕ್ಸ್‌ರೇಗೆ ಕರೆದೊಯ್ದಿದ್ದರು. ಅವರು ನೆರವಾಗಬಹುದು ಎಂದುಕೊಂಡು ಬಂದಿದ್ದ ಸಹಾಯಕಿ ತಾನೇ ಉತ್ತರ ಹೇಳಬೇಕಾಯಿತು.

"ಅದು ಆ ಐಕ್ಯ ಅಲ್ಲಮ್ಮ. ಬದುಕಿರುವಾಗಲೇ ದೇವರ ಜೊತೆ ಒಂದಾಗೋದು."

"ಬದುಕಿರುವಾಗಲೇ? ಪುಸ್ತಕದ ಕೊನೇತನಕ?"

"ಕೊನೇದು ಗೊತ್ತಿಲ್ಲ. ನಾನು ಅರ್ಧ ಓದಿದೀನಿ."

ಟೈಲರ್ ಅವಳನ್ನು ತಿಂದುಬಿಡುವಂತೆ ನೋಡಿದಳು. ಆದರೆ ಅತ್ತೆ ದಿಂಬಿನ ಮೇಲೆ ತಲೆ ತಿರುಗಿಸಿದರು.

"ಗೊತ್ತಿಲ್ಲ ಅಂದೆಯಲ್ಲ, ಸದ್ಯ. ಇಲ್ಲಿ ಬರೋರೆಲ್ಲ 'ಏನಾಗಲ್ಲ, ಏನಾಗಲ್ಲ' ಅಂತ ಮುಖ ನೋಡದೆ ಹೇಳಿ ಹೋಗ್ತಾರೆ. ಓದು. ಕೊನೇ ಬಾಗಿಲಿಂದ ಓದು."

ಸಹಾಯಕಿ ಸ್ಟೂಲಿನ ಮೇಲೆ ಕೂತು ಓದತೊಡಗಿದಳು. ಕೆಲವು ಪದಗಳಿಗೆ ನಾಲಿಗೆ ತೊಡರಿತು. ಏಳನೆಯ ಬಾಗಿಲಲ್ಲಿ ಸಂತಳಿಗೆ ಬೆಳಕು ಕಂಡಿತು. ತಾನು ಬೇರೆ, ದೇವರು ಬೇರೆ ಎಂಬುದು ಅಳಿದುಹೋಯಿತು. ಅತ್ತೆ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದರು. ಮುಂದಿನ ಪುಟದಲ್ಲಿ ಮಠದ ಅಡಿಗೆಮನೆಯ ಸರದಿ ಅವಳಿಗೆ ಬಂದಿತ್ತು. ಸೀದುಹೋದ ಹಂಡೆಯನ್ನು ಬೂದಿ ಹಾಕಿ ಉಜ್ಜಿದಳು. ಹಸಿ ಸೌದೆ ಕೊಟ್ಟ ಉಗ್ರಾಣದವಳ ಜೊತೆ ಜಗಳಕ್ಕೆ ನಿಂತಳು.

"ತಡಿ, ತಡಿ. ಐಕ್ಯ ಆದಮೇಲೂ ಪಾತ್ರೆ ಉಜ್ಜಬೇಕಾ?"

ಸಹಾಯಕಿ ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. "ಹೌದು, ಹಾಗೇ ಇದೆ."

"ಜಗಳಾನೂ ಆಡ್ತಾಳೆ?"

"ಆಡ್ತಾಳೆ."

"ಹಾಗಾದ್ರೆ ಸಾವಲ್ಲ." ಅತ್ತೆ ಸೊಸೆಯತ್ತ ತಿರುಗಿದರು. "ಇಷ್ಟು ಹೇಳೋಕೆ ನಿನಗೇನಾಗಿತ್ತು?"

"ಹೇಳೋಕೆ ಬಿಟ್ರಾ? ನೀವು ಹೋದ್ರೆ ಸಾಕು ಅನ್ನೋಳಾಗಿದ್ರೆ ದಿನಾ ಎರಡು ಬಸ್ ಹತ್ತಿ ಯಾಕೆ ಬರ್ತಿದ್ದೆ?"

"ಎರಡು ಯಾಕೇ ದಡ್ಡಿ? ಮಾರ್ಕೆಟ್ಟಿನವರೆಗೆ ನಡೆದು ಬಂದ್ರೆ ಒಂದೇ ಬಸ್ಸು."

ಸೊಸೆ ಅಳುತ್ತಿದ್ದವಳು ಮೂಗೊರೆಸಿಕೊಂಡು ನಕ್ಕಳು.

"ಹಲ್ಲು ಕಿರಿದಿದ್ದು ಸಾಕು. ಸಹಿ ಎಲ್ಲಿ ಹಾಕಬೇಕು ಅಂತ ನರ್ಸಮ್ಮನ್ನ ಕೇಳ್ಕೊಂಡು ಬಾ. ನಾಳೆ ಒಳಗೆ ತಳ್ಕೊಂಡು ಹೋಗೋವಾಗ ನೀನು ಬಾಗಿಲ ತನಕ ಬರಬೇಕು, ತಿಳೀತಾ? ಕೈ ಬಿಡಬೇಡ."

"ಹೂಂ ಅತ್ತೆ," ಎಂದು ಸೊಸೆ ಎದ್ದು ಹೋದಳು.

ಇನ್ನು ತನ್ನ ಕೆಲಸ ಮುಗಿಯಿತೇನೋ ಎಂದು ಸಹಾಯಕಿ ಪುಸ್ತಕ ಮುಚ್ಚಿದಳು.

"ಯಾಕಮ್ಮ ನಿಲ್ಲಿಸಿದೆ?" ಎಂದರು ಅತ್ತೆ. "ಸೌದೆ ಜಗಳದಲ್ಲಿ ಗೆದ್ದೋರು ಯಾರು?"

ಅದು ಅವಳಿಗೂ ಗೊತ್ತಿರಲಿಲ್ಲ. ಬಿಟ್ಟ ಪುಟ ಹುಡುಕಿ ಮುಂದಕ್ಕೆ ಓದಿದಳು.