ಪಡಸಾಲೆ ಡಾಕ್ಟರಿಗೆ ಕೇಳಿದ ಪ್ರಶ್ನೆ

ಆ ವರ್ಷ ಊರಿಗೆ ಊರೇ ಕುಂಟುತ್ತಿತ್ತು. ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ. ಚಿಕೂನ್‌ಗುನ್ಯಾ ಎಂಬ ಹೆಸರು ಹುಕ್ಕೇರಿ ಕಡೆಯ ಹಳ್ಳಿಯವರ ನಾಲಿಗೆಗೆ ಇನ್ನೂ ಒಗ್ಗಿರಲಿಲ್ಲ. ಜ್ವರ ಮಾತ್ರ ಮನೆಮನೆಯ ಹೊಸ್ತಿಲು ದಾಟಿತ್ತು. ನಿನ್ನೆ ಹೊಲದಲ್ಲಿ ಎಡೆಕುಂಟೆ ಹೊಡೆದವನು ಇಂದು ಹಾಸಿಗೆಯಿಂದ ಏಳಲು ಗೋಡೆ ಹಿಡಿಯುತ್ತಿದ್ದ.

ಇಂಥ ಹೊತ್ತಿನಲ್ಲಿ ಎಲ್ಲರ ಕಾಲೂ ಊರ ಸಾವಕಾರ ಬಾಬಾಸಾಹೇಬರ ಮನೆಯ ಕಡೆ ಎಳೆಯುತ್ತಿದ್ದವು. ಪ್ರತಿ ಗುರುವಾರ, ಸಂತೆಯ ದಿನ, ಮೂಡಲಗಿ ಕಡೆಯಿಂದ ಗುರುಪಾದ ಎಂಬಾತ ಮೋಟಾರ್ ಸೈಕಲ್ ಮೇಲೆ ಬಂದು ಅವರ ಪಡಸಾಲೆಯಲ್ಲಿ ಕೂಡುತ್ತಿದ್ದ. ಊರವರು ಅವನನ್ನು ಡಾಕ್ಟರು ಎನ್ನುತ್ತಿದ್ದರು. ಮೊದಲು ಹಾಗೆ ಕರೆದವರು ಯಾರೋ, ಯಾರಿಗೂ ನೆನಪಿಲ್ಲ. ಕೊರಳಲ್ಲಿ ಸ್ಟೆಥಸ್ಕೋಪ್ ಇತ್ತು, ಬಾಯಲ್ಲಿ ಸಿಹಿ ಮಾತಿತ್ತು, ಕೈಯಲ್ಲಿ ಸೂಜಿ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಬೆನ್ನ ಹಿಂದೆ ಬಾಬಾಸಾಹೇಬರ ಮನೆಯ ಗೋಡೆ ಇತ್ತು.

“ನಿಮ್ಮಂಥಾ ಮನ್ಯಾಗ ಕುಂತಾರಂದ ಮ್ಯಾಲ ಮತ್ತೇನ ಕೇಳೂದ್ರಿ ಬಾಯಾರ?” ಎಂದು ಮೊಣಕಾಲು ಒತ್ತಿಕೊಳ್ಳುತ್ತ ಕಟ್ಟೆ ಹತ್ತಿದಳು ಓಣಿಯ ಕೆಂಚವ್ವ. “ಸರಕಾರಿ ದವಾಖಾನ್ಯಾಗ ಬರೇ ಗುಳಿಗಿ ಕೊಡ್ತಾರ. ಗುಳಿಗಿ ಕಿರಾಣಿ ಅಂಗಡಿಯವನೂ ಕೊಡ್ತಾನ. ಸೂಜಿ ಚುಚ್ಚಿದ್ರ ಡಾಕ್ಟರ!”

ಕುಳಿತವರೆಲ್ಲ ನಕ್ಕರು. ಬೇರೆ ಗುರುವಾರವಾಗಿದ್ದರೆ ಮನೆಯೊಡತಿ ಕಮಲಾಬಾಯಿಯೂ ನಗುತ್ತಿದ್ದಳು. ಅಂದು ನಗು ಬರಲಿಲ್ಲ.

ಒಳಗೆ ಸೊಸೆ ಆರತಿ ಜ್ವರದಿಂದ ಬೇಯುತ್ತಿದ್ದಳು. ಅವಳಿಗೆ ಐದನೆಯ ತಿಂಗಳು. ಮಗ ಗೊಮ್ಮಟೇಶ ಕೊಲ್ಹಾಪುರಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. “ಸರತಿ ಬಂತಂದ್ರ ಆರತೀನ ಹೊರಗ ಕರಿ. ಒಂದ ಸೂಜ್ಯಾಗ ಎದ್ದ ಕೂಡ್ತಾಳ” ಎಂದು ಗಂಡ ಬಾಬಾಸಾಹೇಬರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಅವರು ಹಾಗೆ ಹೇಳುವುದಕ್ಕೆ ಕಾರಣವೂ ಇತ್ತು. ಹಿಂದಿನ ವಾರ ಕೀಲುನೋವಿಗೆ ಗುರುಪಾದನ ಸೂಜಿ ಚುಚ್ಚಿಸಿಕೊಂಡು, ಮರುದಿನವೇ ಕೋಲು ಬಿಸಾಕಿ ಹೊಲಕ್ಕೆ ನಡೆದಿದ್ದರು. ಊರೆಲ್ಲ ಅದೇ ಮಾತು.

ಆದರೆ ಅಂದಿನಿಂದ ಅವರಿಗೆ ತಂಬಿಗೆಗಟ್ಟಲೆ ನೀರು ಕುಡಿದರೂ ದಾಹ ತೀರುತ್ತಿರಲಿಲ್ಲ. ಮತ್ತೆ ಮತ್ತೆ ಹಿತ್ತಲಿಗೆ ಎದ್ದು ಹೋಗುತ್ತಿದ್ದರು. ಕಣ್ಣು ಮಂಜು ಎನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಕಮಲಾಬಾಯಿ ಇದನ್ನೆಲ್ಲ ನೋಡುತ್ತಿದ್ದಳು. ಹೇಳಲೋ ಬೇಡವೋ ಎಂದು ತನ್ನೊಳಗೇ ಕುದಿಯುತ್ತಿದ್ದಳು. ನಾನೇನು ಓದಿದವಳೇ? ನನಗೆ ತಿಳಿದದ್ದು ಡಾಕ್ಟರಿಗೆ ತಿಳಿಯದೇ?

ಹಿತ್ತಲ ಬಾವಿಯ ಹತ್ತಿರ ಅವಳು ಹಿತ್ತಾಳೆ ಕೊಡದ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ ನೀರು ಸುರಿಯುತ್ತಿದ್ದಳು. ಆ ಮನೆಯಲ್ಲಿ ಸೋಸದ ನೀರು ಯಾರ ಬಾಯಿಗೂ ಹೋಗುವುದಿಲ್ಲ. ಅತ್ತೆಯ ಅತ್ತೆಯ ಕಾಲದಿಂದ ನಡೆದುಬಂದ ನೇಮ. ಗುರುಪಾದ ತನ್ನ ಸೂಜಿ ಕುದಿಸುವುದಕ್ಕೂ ಇದೇ ನೀರನ್ನು ಅವಳು ಕೊಡುತ್ತಿದ್ದಳು.

ಅಷ್ಟರಲ್ಲಿ ಹಿಂಬಾಗಿಲಿನಿಂದ ಶೋಭಾ ಬಂದಳು. ಆರೋಗ್ಯ ಉಪಕೇಂದ್ರದ ಸಿಸ್ಟರ್ ಅವಳು. ಬಸುರಿಯರನ್ನು ನೋಡಲು ಮನೆಮನೆ ತಿರುಗುವವಳು. ಆರತಿಯ ಮೈ ಮುಟ್ಟಿ, ಕೆಮ್ಮು, ಉಸಿರು, ಹೊಟ್ಟೆನೋವು ಎಲ್ಲ ವಿಚಾರಿಸಿ ಹೊರಗೆ ಬಂದಾಗ ಅವಳ ಹುಬ್ಬು ಗಂಟಿಕ್ಕಿತ್ತು.

“ಕಾಕೂ, ಇಕೀಗೆ ಹೊರಗಿನ ಸೂಜಿ ಹಾಕಿಸಬ್ಯಾಡ್ರಿ. ಇವತ್ತ ಡಾಕ್ಟರ ಕಡೆ ಕರಕೊಂಡ ಹೋಗೂಣು.”

“ಡಾಕ್ಟರ ಪಡಸಾಲ್ಯಾಗ ಅದಾರಲ್ಲವಾ?”

“ಡಾಕ್ಟರ ಅಂತ ಹೆಂಗ ಗೊತ್ತ್ರಿ?”

ಕಮಲಾಬಾಯಿ ನೀರು ಸುರಿಯುವುದನ್ನು ನಿಲ್ಲಿಸಿದಳು. “ಅಂದ್ರ?”

“ನಾನು ಸಿಸ್ಟರ್ ಕಾಕೂ. ಕಲತ ಮ್ಯಾಲ ನನ್ನ ಹೆಸರನ್ನ ನರ್ಸಿಂಗ್ ಪರಿಷತ್ತಿನ್ಯಾಗ ಬರಸೇನಿ, ನಂಬರ ಐತಿ. ಏನ ಮಾಡಬೇಕು, ಏನ ಮಾಡಬಾರದು ಅಂತ ನನಗ ಗೆರಿ ಹಾಕ್ಯಾರ. ಡಾಕ್ಟರಿಗೂ ಹಂಗ. ಓದ ಮುಗಿಸಿ ರಾಜ್ಯದ ವೈದ್ಯಕೀಯ ಪರಿಷತ್ತಿನ್ಯಾಗ ನೋಂದಣಿ ಮಾಡಸಬೇಕು. ಆ ನಂಬರನ್ನ ಗ್ವಾಡಿಗೆ ಹಾಕಬೇಕು, ಚೀಟಿ ಮ್ಯಾಲೂ ಬರೀಬೇಕು. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಕೇಳಾಕ ಒಂದ ಜಾಗಾ ಇರತೈತಿ. ಇಂವಂದು ಎಲ್ಲೈತ್ರಿ?”

“ಮನೀಗೆ ಬಂದವರನ್ನ ಹೆಂಗ ಕೇಳೂದವಾ? ಅವಮಾನ ಮಾಡಿದಂಗ ಆಗೂದಿಲ್ಲ?”

ಶೋಭಾ ಒದ್ದೆ ಬಟ್ಟೆಯನ್ನೇ ನೋಡಿದಳು. “ಈ ಬಾವಿ ಯಾರದ್ರಿ?”

“ನಮ್ಮದ.”

“ನಮ್ಮ ಬಾವಿ ಅಂತ ಸೋಸದ ಕುಡಿತೀರೇನು? ಸೋಸಿದ್ರ ಬಾವೀಗೆ ಅವಮಾನ ಆತೇನ್ರಿ?”

ಪಡಸಾಲೆಯಿಂದ ಬಾಬಾಸಾಹೇಬರ ದನಿ ಬಂತು: “ಕಮಲಾ, ಆರತೀನ ಕರಿ! ಇಕೀದ ಆದ ಮ್ಯಾಲ ನಂದೂ ಇನ್ನೊಂದ ಐತಿ.”

ಗೋಡೆ ಹಿಡಿದು ಆರತಿ ಆಗಲೇ ಬಾಗಿಲಿಗೆ ಬಂದಿದ್ದಳು. ಗುರುಪಾದ ಸೂಜಿ ತುಂಬಿ ಬೆಳಕಿಗೆ ಹಿಡಿದಿದ್ದ. ಕಮಲಾಬಾಯಿ ಸೊಸೆಯ ಮುಂದೆ ಹೋಗಿ ನಿಂತಳು.

“ಡಾಕ್ಟ್ರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ನೋಂದಣಿ ನಂಬರ ಏನ್ರಿ?”

ಪಡಸಾಲೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

ಗುರುಪಾದ ನಕ್ಕ. “ವೈನಿ, ಇವತ್ತ ಪೊಲೀಸ ಆದ್ರೇನು? ನಾ ಆರ್‌ಎಂಪಿ, ನೋಂದಣಿ ಆದ ಡಾಕ್ಟರ ಅದೇನ್ರಿ. ದೊಡ್ಡ ದವಾಖಾನ್ಯಾಗ ಡಾಕ್ಟರ ಬಾಜೂಕ ನಿಂತ ಕೆಲಸ ಮಾಡೇನಿ. ನಂಬರ ಮನ್ಯಾಗ ಐತಿ, ಮುಂದಿನ ವಾರ ತರ್ತೇನಿ.”

“ಕಮಲಾ!” ಬಾಬಾಸಾಹೇಬರ ಕಣ್ಣು ಕೆಂಪಾದವು. “ಒಳಗ ನಡಿ. ಮಂದಿ ಮುಂದ ನನ್ನ ಮಾನ ಕಳೀಬ್ಯಾಡ.”

ಮದುವೆಯಾಗಿ ಬಂದಾಗಿನಿಂದ ಆ ದನಿಗೆ ಅವಳು ಎದುರು ನಿಂತಿರಲಿಲ್ಲ. ಕಾಲು ನಡುಗಿದವು. ಆದರೆ ಹಿಂದೆ ಸೊಸೆಯ ಬಿಸಿಯುಸಿರು ಹೆಗಲಿಗೆ ತಾಕುತ್ತಿತ್ತು.

“ಹೋಕ್ಕೇನ್ರಿ. ಒಂದ ಮಾತ ಕೇಳಿ ಹೋಕ್ಕೇನಿ. ಡಾಕ್ಟ್ರ, ಈ ಸೂಜಿ ಹೊಟ್ಯಾಗಿನ ಕೂಸಿಗೆ ನಡೀತೈತೇನು?”

ಗುರುಪಾದನ ಕೈ ಅಲ್ಲಿಯೇ ನಿಂತಿತು. ಅವನು ಆರತಿಯನ್ನು ಈಗ ಮೊದಲ ಸಲ ಸರಿಯಾಗಿ ನೋಡಿದ. “ಬಸರ ಅದಾರೇನು? ಮೊದಲ ಹೇಳಬೇಕಿಲ್ರಿ ವೈನಿ...”

“ನೀವು ಕೇಳಬೇಕಿತ್ತಲ್ರಿ.”

ಬಾಬಾಸಾಹೇಬರು ಗುರುಪಾದನನ್ನೇ ನೋಡುತ್ತ ಮೆಲ್ಲಗೆ ಅಂದರು: “ನಿಮಗ ಸಕ್ಕರಿ ಐತೇನ್ರಿ ಅಂತ ನನಗೂ ಇಂವಾ ಕೇಳಲಿಲ್ಲ.” ಅಷ್ಟಂದು ಎದ್ದು ನಿಲ್ಲಲು ಹೋದವರು ವಾಲಿ ಕಂಬ ಹಿಡಿದರು. ಶೋಭಾ ಓಡಿಬಂದು ಅವರನ್ನು ಕೂರಿಸಿದಳು. ಅವರ ನಾಲಿಗೆ ಒಣಗಿ ಮರದಂತಾಗಿತ್ತು. “ಕಾಕೂ, ಜೀಪು ತರಸ್ರಿ. ಇಬ್ಬರನ್ನೂ ಒಯ್ಯೂಣು. ತಡ ಮಾಡಬ್ಯಾಡ್ರಿ.”

ಜೀಪು ಘಟಪ್ರಭಾದ ಆಸ್ಪತ್ರೆಯ ಕಡೆ ಓಡುವಾಗ ಒಂದು ಕಡೆ ಸೊಸೆ, ಒಂದು ಕಡೆ ಗಂಡ. ಇಬ್ಬರ ತಲೆಯೂ ಕಮಲಾಬಾಯಿಯ ಹೆಗಲ ಮೇಲೆ. ಬಾಬಾಸಾಹೇಬರು ಕರೆದರೆ ಓಗೊಡುತ್ತಿದ್ದರು, ಆಮೇಲೆ ಕಣ್ಣು ಮುಚ್ಚುತ್ತಿದ್ದರು. ಅವಳು ದಾರಿಯುದ್ದಕ್ಕೂ ಅವರನ್ನು ಸುಮ್ಮಸುಮ್ಮನೆ ಕರೆಯುತ್ತಲೇ ಇದ್ದಳು.

ಅಲ್ಲಿಯ ಡಾಕ್ಟರಮ್ಮ ಸೂಜಿ ಮುಟ್ಟುವ ಮೊದಲು ಕೇಳಿದ್ದೇ ಕೇಳಿದ್ದು. ಎಷ್ಟು ತಿಂಗಳು? ಯಾವ ಔಷಧ ಆಗಿದೆ? ಯಾವುದಾದರೂ ಮೈಗೆ ಒಗ್ಗುವುದಿಲ್ಲವೇ? ರಕ್ತ ಪರೀಕ್ಷೆಯಾಯಿತು. ಬಾಬಾಸಾಹೇಬರ ಸಕ್ಕರೆ ಹೆದರಿಕೆ ಬರುವಷ್ಟು ಏರಿತ್ತು.

“ಹೋದ ವಾರ ಹಾಕಿದ್ದು ಸ್ಟೆರಾಯ್ಡ್ ಇರಬೇಕ್ರಿ. ನೋವು ಮುಚ್ಚತೈತಿ, ಸಕ್ಕರಿ ಏರಸತೈತಿ” ಎಂದರು ಡಾಕ್ಟರಮ್ಮ. “ಇವತ್ತ ಇನ್ನೊಂದ ಬಿದ್ದಿದ್ರ ಇಲ್ಲಿ ತನಕ ಬರತಿದ್ರೋ ಇಲ್ಲೋ.”

ಕಮಲಾಬಾಯಿ ಸೆರಗು ಹಿಂಡುತ್ತ ನಿಂತಿದ್ದಳು. ಒಮ್ಮೆ ಕೇಳಿದ ಬಾಯಿ, ಇಲ್ಲಿಯೂ ಕೇಳದಿದ್ದರೆ ಹೇಗೆ? “ಅವ್ವಾರ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ನಂಬರ?”

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಗೋಡೆಯತ್ತ ಕೈ ತೋರಿಸಿದರು. ಹೆಸರು, ಓದು, ಪರಿಷತ್ತಿನ ನಂಬರು ಎಲ್ಲ ಅಲ್ಲಿತ್ತು. “ಚಲೋ ಕೇಳಿದ್ರಿ. ಎಲ್ಲಾರೂ ಹಿಂಗ ಕೇಳಿದ್ರ ನಮ್ಮ ಅರ್ಧ ಕೆಲಸ ಕಡಿಮಿ ಆಗತಿತ್ತು.”

ಆರತಿಯ ಜ್ವರ ಇಳಿಯಿತು. ಹೊಟ್ಟೆಯ ಕೂಸು ಒದೆಯುತ್ತಿತ್ತು. ಬಾಬಾಸಾಹೇಬರು ಸೊರಗಿ, ಕೋಲು ಹಿಡಿದು ಮನೆಗೆ ಬಂದರು.

ಮುಂದಿನ ಗುರುವಾರ ಮೋಟಾರ್ ಸೈಕಲ್ ಬಂದು ನಿಂತಿತು. ಪಡಸಾಲೆಯ ಬಾಗಿಲಲ್ಲಿ ಬಾಬಾಸಾಹೇಬರೇ ಕೂತಿದ್ದರು.

“ಗುರುಪಾದಪ್ಪಾ, ನಂಬರ ತಂದೀಯೇನು?”

ಅವನು ನೆಲ ನೋಡುತ್ತ ಹೆಗಲ ಚೀಲ ಸರಿಮಾಡಿಕೊಂಡ.

“ಹಂಗಾರ ಚಹಾ ಕುಡದ ಹೋಗು. ಚೀಲಾ ಬಿಚ್ಚಬ್ಯಾಡ.”

ಗುರುಪಾದ ಚಹಾಕ್ಕೂ ನಿಲ್ಲಲಿಲ್ಲ. ಕೆಂಚವ್ವ ಕಟ್ಟೆಯ ಮೇಲೆ ಕೂತು ಗೊಣಗಿದಳು: “ನಿಮಗ ಜೀಪ ಐತ್ರಿ ಸಾವಕಾರ, ಹೋಕ್ಕೀರಿ. ನಮ್ಮಂಥಾವರು ಏನ ಮಾಡೂದು?”

ಅದು ಸುಳ್ಳಲ್ಲ. ಬಾಬಾಸಾಹೇಬರು ಹೆಂಡತಿಯ ಮುಖ ನೋಡಿದರು.

“ಇವತ್ತಿಂದ ಗುರುವಾರಕ್ಕೊಮ್ಮೆ ಜೀಪು ಸರಕಾರಿ ದವಾಖಾನಿಗೆ ಹೋಗತೈತಿ,” ಎಂದಳು ಕಮಲಾಬಾಯಿ. “ನೀನೂ ಹತ್ತು ಕೆಂಚವ್ವಾ. ಇಷ್ಟ ದಿನ ನಮ್ಮ ಮನೀ ನಂಬಿ ಸೂಜಿ ಹಾಕಿಸಿಕೊಂಡೀ. ಆ ಋಣ ನಮ್ಮ ಮ್ಯಾಲ ಐತಿ.”

“ಬರೇ ಗುಳಿಗಿ ಕೊಟ್ರ?”

“ಗುಳಿಗೀನ ನುಂಗು. ಸುಮ್ಮ ಹತ್ತು.”

ಕೆಂಚವ್ವ ನಕ್ಕು, ಮೊಣಕಾಲು ಹಿಡಿದು ಜೀಪು ಹತ್ತಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಯಾರದೋ ಪಡಸಾಲೆಯಲ್ಲಿ ಒಬ್ಬರು ಚೀಲ ಬಿಚ್ಚುತ್ತಿರಬಹುದು. ಅವರು ಒಳ್ಳೆಯ ಮಾತಿನವರಿರಬಹುದು, ದೊಡ್ಡ ಮನೆಯವರ ಪರಿಚಯದವರಿರಬಹುದು. ಅಷ್ಟಕ್ಕೇ ಅವರು ಡಾಕ್ಟರಾಗುವುದಿಲ್ಲ. ಹೆಸರಿನ ಮುಂದೆ ಬರೆದ ಅಕ್ಷರಗಳನ್ನು ನೋಡಿ ಸುಮ್ಮನಾಗಬೇಡಿ. ಯಾವ ಪರಿಷತ್ತಿನಲ್ಲಿ ನೋಂದಣಿಯಾಗಿದೆ, ನಂಬರು ಏನು ಎಂದು ಕೇಳಿ. ಆಯುರ್ವೇದ, ಯುನಾನಿ, ಹೋಮಿಯೋಪಥಿಯವರಿಗೂ ಅವರವರ ಮಂಡಳಿಯ ನೋಂದಣಿ ಇರುತ್ತದೆ. ಅನುಮಾನ ಬಂದರೆ ನಿಮ್ಮೂರಿನ ಸಿಸ್ಟರಿಗೆ ಹೇಳಿ, ಇಲ್ಲವೇ ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿ. ಬಸುರಿಯಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಅವರು ಕೇಳದಿದ್ದರೂ ನೀವೇ ಹೇಳಿ. ಕೇಳಲು ನಾಚಿಕೆಯಾಗುತ್ತದೆ, ಕಾಲು ನಡುಗುತ್ತವೆ. ಕಮಲಾಬಾಯಿಗೂ ನಡುಗಿದ್ದವು. ಆದರೂ ಕೇಳಿ.

ಕುಡಿಯುವ ನೀರನ್ನು ಸೋಸುವವರು ನಾವು. ರಕ್ತಕ್ಕೆ ಸೇರುವುದನ್ನು ಸೋಸದೆ ಬಿಡುವುದು ಬೇಡ.